ವಿಮಾನದ ಸಮಯ ಲೆಕ್ಕ ಹಾಕುವಾಗ ಇದನ್ನು ನೆನಪಿಡಿ

ದೂರದ ಪ್ರಯಾಣಕ್ಕೆ ಪ್ಲಾನ್ ಮಾಡ್ತಿರೋರು ದಯವಿಟ್ಟು ಓದಿ. ರಸ್ತೆಯ ಕಿಲೋಮೀಟರ್ ನೋಡಿ ವಿಮಾನದ ಸಮಯ ಅಂದಾಜು ಮಾಡಬೇಡಿ. ವಿಮಾನ ಹೋಗೋದು ಹೆಚ್ಚುಕಡಿಮೆ ದುಂಡಗಿನ ಭೂಮಿಯ ಮೇಲಿನ ಅತಿ ಹತ್ತಿರದ ದಾರಿಯಲ್ಲಿ. ಮನೆಯಲ್ಲಿ ಗ್ಲೋಬ್ ಇದ್ದರೆ ಎರಡು ಊರಿನ ಮಧ್ಯೆ ಒಂದು ದಾರ ಬಿಗಿಯಾಗಿ ಎಳೆದು ಹಿಡಿದು ನೋಡಿ, ಅದೇ ದಾರಿ. ಚಪ್ಪಟೆ ನಕ್ಷೆಯಲ್ಲಿ ಅದೇ ಗೆರೆ ಬಿಲ್ಲಿನ ಹಾಗೆ ಬಾಗಿ ಕಾಣುತ್ತೆ.

ನಾನು ದೂರವನ್ನು 850ರಿಂದ (ವಿಮಾನ ಗಂಟೆಗೆ ಹೋಗೋ ಸುಮಾರು ಕಿ.ಮೀ.) ಭಾಗಿಸಿ, ಏರೋಕೆ ಇಳಿಯೋಕೆ ಅಂತ ಅರ್ಧ ಗಂಟೆ ಸೇರಿಸ್ತೀನಿ. ಲಂಡನ್‌ನಿಂದ ನ್ಯೂಯಾರ್ಕ್ ಸುಮಾರು 5,550 ಕಿ.ಮೀ., ಅಂದರೆ 7 ಗಂಟೆ.

ಆದರೆ ಗಾಳಿಯನ್ನು ಮರೆಯಬೇಡಿ. ಅಲ್ಲಿ ಎತ್ತರದಲ್ಲಿ ಜೆಟ್ ಸ್ಟ್ರೀಮ್ ಅನ್ನೋ ಜೋರು ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತೆ. ಹಾಗಾಗಿ ನ್ಯೂಯಾರ್ಕ್‌ನಿಂದ ಲಂಡನ್‌ಗೆ 7 ಗಂಟೆ ಸಾಕು, ಎದುರುಗಾಳಿಯಲ್ಲಿ ವಾಪಸ್ ಹೋಗೋಕೆ 8 ಬೇಕು. 2020ರ ಫೆಬ್ರವರಿಯಲ್ಲಿ ಬಿರುಗಾಳಿ ಬೆನ್ನಿಗಿದ್ದಾಗ ಒಂದು ವಿಮಾನ 4 ಗಂಟೆ 56 ನಿಮಿಷದಲ್ಲೇ ಲಂಡನ್ ಮುಟ್ಟಿತ್ತು!

ಹೆಚ್ಚಿನವರು ಎಡವೋದು ಟಿಕೆಟ್ ಓದುವಾಗ. ಅದರಲ್ಲಿರೋದು ಆಯಾ ಊರಿನ ಗಡಿಯಾರದ ಸಮಯ. ಲಂಡನ್ ಬಿಡೋದು ಬೆಳಗ್ಗೆ 11ಕ್ಕೆ, ನ್ಯೂಯಾರ್ಕ್ ತಲುಪೋದು ಮಧ್ಯಾಹ್ನ 2ಕ್ಕೆ ಅಂತಿದ್ದರೆ ಅದು 3 ಗಂಟೆಯ ಪ್ರಯಾಣ ಅಲ್ಲ. 5 ಗಂಟೆ ವ್ಯತ್ಯಾಸ ಸೇರಿಸಿದರೆ 8. ಮಾರ್ಚ್‌ನಲ್ಲಿ ಕೆಲವು ವಾರ ಈ ವ್ಯತ್ಯಾಸ 4 ಗಂಟೆ ಇರುತ್ತೆ, ಯಾಕಂದ್ರೆ ಎರಡು ದೇಶಗಳೂ ಬೇಸಿಗೆಗೆ ಅಂತ ಗಡಿಯಾರವನ್ನು ಒಂದು ಗಂಟೆ ಮುಂದಿಡೋ ದಿನ ಬೇರೆ ಬೇರೆ.