25 ನಿಮಿಷದ ಟರ್ನ್‌ಅರೌಂಡ್: ಉಳಿಸಿದ ನಿಮಿಷ ದುಡ್ಡಾಗಿದ್ದು ಹೇಗೆ

ಅಗ್ಗದ ವಿಮಾನ ಕಂಪನಿಯೊಂದರಲ್ಲಿ ಗ್ರೌಂಡ್ ಆಪರೇಷನ್ಸ್, ಶೆಡ್ಯೂಲ್ ಎರಡನ್ನೂ ನೋಡಿಕೊಂಡವನು ನಾನು. 180 ಸೀಟಿನ ಎ320 ವಿಮಾನ ಬಂದು ನಿಂತ 25 ನಿಮಿಷದಲ್ಲಿ ಜನರನ್ನು ಇಳಿಸಿ, ಹತ್ತಿಸಿ ಮತ್ತೆ ಕಳಿಸೋಣ (ಇದಕ್ಕೇ ಟರ್ನ್‌ಅರೌಂಡ್, ಚಿಕ್ಕದಾಗಿ ಟರ್ನ್ ಅನ್ನುವುದು), ನಮ್ಮ ಲಾಭ ಇರುವುದು ಅಲ್ಲೇ ಅಂದಾಗ ಹಣಕಾಸು ವಿಭಾಗದವರು ನಕ್ಕರು. ಪೈಲಟ್‌ಗಳು ನಗಲಿಲ್ಲ, ಆದರೆ ನಂಬಲೂ ಇಲ್ಲ. ಈಗ ಅದು ನಡೆಯುತ್ತಿದೆ. ಹಾಗಾಗಿ ಬರೆದುಬಿಡೋಣ ಅನ್ನಿಸಿತು.

ಅಮೆರಿಕದ ಅಗ್ಗದ ವಿಮಾನ ಕಂಪನಿ ಸೌತ್‌ವೆಸ್ಟ್‌ನ ಕಥೆ ನಿಮಗೆಲ್ಲ ಗೊತ್ತಿರುವುದೇ. 1972ರಲ್ಲಿ ಕೈಯಲ್ಲಿ ದುಡ್ಡಿಲ್ಲದೆ ನಾಲ್ಕು ಬೋಯಿಂಗ್ 737 ವಿಮಾನಗಳಲ್ಲಿ ಒಂದನ್ನು ಮಾರಿದರು. ನಾಲ್ಕು ವಿಮಾನದ ಶೆಡ್ಯೂಲನ್ನು ಮೂರರಲ್ಲೇ ಹಾರಿಸಿದರು. ಹತ್ತು ನಿಮಿಷದ ಟರ್ನ್ ಹುಟ್ಟಿದ್ದು ಆಗ. ಜನ ಆ ಹತ್ತು ನಿಮಿಷವನ್ನು ಮಾತ್ರ ನೆನಪಿಟ್ಟುಕೊಂಡಿದ್ದಾರೆ. ನನಗೆ ಕಂಡಿದ್ದು ಶೆಡ್ಯೂಲ್. ಉಳಿದ ನಿಮಿಷಗಳನ್ನೆಲ್ಲ ಕೂಡಿಸಿ ಇನ್ನೊಂದು ಹಾರಾಟ ಮಾಡದಿದ್ದರೆ, ವಿಮಾನ ಬೇಗ ರೆಡಿಯಾಗಿ ನಿಲುಗಡೆ ಜಾಗದಲ್ಲಿ ಸುಮ್ನೆ ನಿಂತಿರುತ್ತದೆ ಅಷ್ಟೆ.

ನಾವು ಶುರು ಮಾಡಿದಾಗ 40 ನಿಮಿಷದ ಆಸುಪಾಸು ಇತ್ತು. ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ: ಗ್ರೌಂಡ್ ಹ್ಯಾಂಡ್ಲಿಂಗ್ ಗುತ್ತಿಗೆದಾರರಿಗೆ ಬೋನಸ್. ಬೇಗ ಮುಗಿಸಿದರೆ ಪ್ರತಿ ಟರ್ನ್‌ಗೂ ಇಷ್ಟು ಅಂತ. ಒಂದೆರಡು ವಾರ ಚೆನ್ನಾಗಿತ್ತು. ಆಮೇಲೆ ನೋಡಿದರೆ ಬ್ಯಾಗುಗಳು ಹಿಂದೆ ಉಳಿಯತೊಡಗಿದವು. ತಡಕ್ಕೆ ಕಾರಣ ಬರೆಯುವ ಪಟ್ಟಿಯಿಂದ ಕೋಡ್ 32, ಅಂದರೆ ಸಾಮಾನು ತುಂಬುವುದರಲ್ಲಾದ ತಡ, ಮಾಯ. ಎಲ್ಲದಕ್ಕೂ 93. ವಿಮಾನವೇ ತಡವಾಗಿ ಬಂತು, ನಾವೇನು ಮಾಡೋಣ ಅಂತ. ಬೋನಸ್ ದುಡ್ಡೂ ಹೋಯಿತು, ಹಿಂದುಳಿದ ಬ್ಯಾಗನ್ನು ಮನೆಗೆ ತಲುಪಿಸುವ ಖರ್ಚೂ ಬಂತು.

ಆಮೇಲೆ ಬೋರ್ಡಿಂಗ್. ಹಿಂದಿನ ಸಾಲುಗಳವರನ್ನು ಮೊದಲು ಹತ್ತಿಸಿದರೆ ಬೇಗ ಆಗುತ್ತದೆ ಅಂತ ಎಲ್ಲರ ನಂಬಿಕೆ. ಆಗಲ್ಲ. ವಿಮಾನದ ಹಿಂದಿನ ಗ್ಯಾಲಿಯಲ್ಲಿ (ಅಡುಗೆ ಮೂಲೆಯಲ್ಲಿ) ಸ್ಟಾಪ್‌ವಾಚ್ ಹಿಡಿದು ನಿಂತು ನೋಡಿದ್ದೇನೆ. 27ನೇ ಸಾಲಿನವರು ಬ್ಯಾಗ್ ಎತ್ತಿಡುತ್ತಾರೆ, ಚಕ್ರ ಹೊರಗೆ ಬರುತ್ತದೆ, ಮತ್ತೆ ಇಳಿಸುತ್ತಾರೆ, ಅಡ್ಡ ತಿರುಗಿಸುತ್ತಾರೆ. ಅಷ್ಟು ಹೊತ್ತೂ ಹಿಂದೆ ಇಪ್ಪತ್ತು ಜನ ಗಪ್‌ಚುಪ್. ಮುಂದಿನ ಹದಿನೈದು ಸಾಲು ಪೂರ್ತಿ ಖಾಲಿ. ಜೇಸನ್ ಸ್ಟೆಫನ್ ಎಂಬ ಭೌತವಿಜ್ಞಾನಿ 2008ರಲ್ಲೇ ಇದನ್ನು ಲೆಕ್ಕ ಹಾಕಿ ತೋರಿಸಿದ್ದರು. ಅವರು ಹೇಳಿದ ಕ್ರಮ, ಅಂದರೆ ಕಿಟಕಿ ಸೀಟು ಮೊದಲು, ಅದರಲ್ಲೂ ಒಂದು ಸಾಲು ಬಿಟ್ಟು ಒಂದು ಸಾಲು, ಅದನ್ನೂ ಮಾಡಿ ನೋಡಿದೆವು. ಕಾಗದದ ಮೇಲೆ ಭೇಷ್. ಗೇಟಿನಲ್ಲಿ ಅಪ್ಪ, ಅಮ್ಮ, ಮಗು ಮೂರು ಬೇರೆ ಬೇರೆ ಸರದಿಯಲ್ಲಿ ನಿಂತರೆ ಯಾರು ಒಪ್ಪುತ್ತಾರೆ ಹೇಳಿ. ನಾಲ್ಕು ದಿನಕ್ಕೇ ಬಿಟ್ಟೆವು.

ಕೊನೆಗೆ ಗೆದ್ದಿದ್ದು ಬಹಳ ಸಾದಾ ಉಪಾಯ. ಟರ್ಮಿನಲ್‌ನಿಂದ ನೇರ ವಿಮಾನದ ಬಾಗಿಲಿಗೆ ಬರುವ ಏರೋಬ್ರಿಜ್ ಬೇಡ ಅಂದೆವು. ಮುಂದೊಂದು, ಹಿಂದೊಂದು ಮೆಟ್ಟಿಲು. 1ರಿಂದ 15 ಮುಂದಿನ ಬಾಗಿಲು, ಉಳಿದವರು ಹಿಂದಿನ ಬಾಗಿಲು. ಅದರ ಮೇಲೆ ಯಾವ ಕ್ರಮವೂ ಇಲ್ಲ, ಬಂದವರು ಬಂದ ಹಾಗೆ ಹತ್ತಲಿ. ಇಳಿಯುವಾಗಲೂ ಇದೇ. ಏರೋಬ್ರಿಜ್ ಶುಲ್ಕ ಉಳಿದಿದ್ದು ಬೇರೆ.

ಆದರೆ ಬ್ಯಾಗಿನ ವಿಷಯ ಇಲ್ಲಿಗೇ ಮುಗಿಯಲಿಲ್ಲ. ಚೆಕ್‌ಇನ್ ಬ್ಯಾಗಿಗೆ ದುಡ್ಡು ಹಾಕಬೇಕು ಅಂತ ಆದಾಯ ವಿಭಾಗದ ಹಟ. ಹಾಕಿದರು. ಜನ ಏನು ಮಾಡಿದರು? ಎಲ್ಲವನ್ನೂ ಕ್ಯಾಬಿನ್‌ಗೇ ತಂದರು. ಆ ವಿಭಾಗ ಗಳಿಸಿದ್ದನ್ನೆಲ್ಲ ನಾವು ಸೀಟುಗಳ ನಡುವಿನ ಹಾದಿಯಲ್ಲಿ ಕಳೆದುಕೊಂಡೆವು. ಯುರೋಪಿನ ಅಗ್ಗದ ಕಂಪನಿ ರಯಾನ್‌ಏರ್ 2018ರ ನವೆಂಬರ್‌ನಲ್ಲಿ ಇದಕ್ಕೇ ಮದ್ದು ಅರೆದಿತ್ತು. ಸೀಟಿನ ಕೆಳಗೆ ಹಿಡಿಯುವ ಚಿಕ್ಕ ಬ್ಯಾಗ್ ಮಾತ್ರ ಪುಕ್ಕಟೆ, ಮೇಲೆ ಇಡುವುದಕ್ಕೆ ದುಡ್ಡು. ನಾವೂ ಅದೇ ದಾರಿ ಹಿಡಿದೆವು. ಎರಡು ದರಗಳ ನಡುವೆ ಎಷ್ಟು ಅಂತರ ಇಟ್ಟರೆ ಜನ ಬ್ಯಾಗನ್ನು ಹೋಲ್ಡ್‌ಗೆ (ವಿಮಾನದ ಹೊಟ್ಟೆಯ ಸಾಮಾನು ಜಾಗಕ್ಕೆ) ಕೊಡುತ್ತಾರೆ ಅನ್ನುವುದನ್ನು ತಿಂಗಳುಗಟ್ಟಲೆ ತಿದ್ದಿದೆವು. ಆ ಅಂತರ ಎಷ್ಟು ಅಂತ ಇಲ್ಲಿ ಹೇಳಲ್ಲ. ಅದಕ್ಕೆ ಸುರಿದ ದುಡ್ಡು ನಮ್ಮದು!

ಇಂಧನಕ್ಕೆ ಬೌಸರ್, ಅಂದರೆ ಟ್ಯಾಂಕರ್ ಲಾರಿ, ಕಾಯುವುದು ಇನ್ನೊಂದು ತಲೆನೋವು. ಬೆಲೆ ಕಡಿಮೆ ಇರುವ ಕಡೆ ಹೋಗಿ ಬರುವಷ್ಟನ್ನೂ ತುಂಬಿಸಿಕೊಂಡರೆ ಆ ತುದಿಯಲ್ಲಿ ಬೌಸರ್ ಬೇಕಾಗಿಲ್ಲ. ಹೆಚ್ಚಿಗೆ ಹೊತ್ತ ಭಾರಕ್ಕೆ ಗಂಟೆಗೆ ಶೇ 3ರಷ್ಟು ಸುಟ್ಟುಹೋಗುತ್ತದೆ. ಮೂರು ಟನ್ ಜಾಸ್ತಿ ಹೊತ್ತರೆ ಗಂಟೆಗೆ ಸುಮಾರು 90 ಕಿಲೋ. ಹಣಕಾಸಿನವರು ಆ 90 ಕಿಲೋ ಹಿಡಿದು ಜಗಳಕ್ಕೆ ಬಂದರು. ಬೌಸರ್‌ಗೆ ಕಾದ ನಿಮಿಷಗಳನ್ನು ಅವರ ಲೆಕ್ಕದಲ್ಲಿ ಯಾರೂ ಬರೆದಿರಲಿಲ್ಲ.

ಇಲ್ಲಿ ಯಾರೂ ಎಣಿಸದ ಇನ್ನೊಂದು ಪೆಟ್ಟು ಬಿತ್ತು. ಭಾರ ಹೊತ್ತು ಇಳಿದ ವಿಮಾನ, ಬೇಗ ಹೊರಡುವ ಆತುರ, ಬ್ರೇಕ್ ಕೆಂಡ. ಎ320ರಲ್ಲಿ ಬ್ರೇಕ್ 300 ಡಿಗ್ರಿ ದಾಟಿದ್ದರೆ ಟೇಕಾಫ್ ಇಲ್ಲ. ಪ್ರಯಾಣಿಕರು ಕೂತಿದ್ದಾರೆ, ಲೋಡ್‌ಶೀಟ್ (ತೂಕದ ಲೆಕ್ಕದ ಹಾಳೆ) ಸಹಿಯಾಗಿದೆ, ಬಾಗಿಲು ಮುಚ್ಚಿದೆ, ಕ್ಯಾಪ್ಟನ್ ಬ್ರೇಕ್ ಆರಲಿ ಅಂತ ಪರದೆ ನೋಡುತ್ತಾ ಕೂತಿದ್ದಾರೆ. ಬ್ರೇಕ್ ತಣಿಸುವ ಫ್ಯಾನ್ ಐಚ್ಛಿಕ ಸಾಮಾನು. ವಿಮಾನ ತರುವಾಗ ಮಿತವ್ಯಯ ಅಂತ ಬಿಟ್ಟಿದ್ದರು. ನಾಲ್ಕು ವಿಮಾನಕ್ಕೆ ಹಾಕಿಸಿದೆವು, ಅತಿ ಚಿಕ್ಕ ಸೆಕ್ಟರ್‌ಗಳಿಗೆ (ಒಂದು ಊರಿಂದ ಇನ್ನೊಂದಕ್ಕೆ ಒಂದು ಹಾರಾಟ ಅಂದರೆ ಒಂದು ಸೆಕ್ಟರ್) ಅವನ್ನೇ ಕಳಿಸಿದೆವು.

ಈಗ ದುಡ್ಡಿನ ಲೆಕ್ಕ. ದಿನಕ್ಕೆ ಆರು ಸೆಕ್ಟರ್, ಅಂದರೆ ನಡುವೆ ಐದು ಟರ್ನ್. ತಲಾ 15 ನಿಮಿಷ ಉಳಿದರೆ 75. ಒಂದು ಚಿಕ್ಕ ಸೆಕ್ಟರ್ ಹೇಗೋ ತೂರಿಸಬಹುದು. ಆದರೆ ಒಂದೇ ಹೆಚ್ಚಿಸಿದರೆ ರಾತ್ರಿ ವಿಮಾನ ಬೇರೆ ಊರಲ್ಲಿ ನಿಲ್ಲುತ್ತದೆ. ಸಿಬ್ಬಂದಿಗೆ ಹೋಟೆಲ್, ಅಲ್ಲೊಬ್ಬ ಎಂಜಿನಿಯರ್. ಬಂದ ಲಾಭ ಅಲ್ಲೇ ತೀರುತ್ತದೆ. ನಮ್ಮನ್ನು ನೋಡಿ ನಕ್ಕವರು ನಿಂತಿದ್ದು ಈ ಲೆಕ್ಕದ ಮೇಲೆಯೇ, ಅದು ತಪ್ಪಲ್ಲ. ಹಾಗಾಗಿ ಮಾರ್ಗಗಳನ್ನೇ ಕಲಸಿದೆವು. ಚಿಕ್ಕ ಸೆಕ್ಟರ್‌ಗಳನ್ನೆಲ್ಲ ಕೆಲವೇ ವಿಮಾನಗಳಿಗೆ ಕಟ್ಟಿ, ಅವುಗಳಲ್ಲಿ ದಿನಕ್ಕೆ ಎಂಟು ಹಾರಿಸಿದೆವು. ಮಧ್ಯಾಹ್ನ ಬೇಸ್‌ನಲ್ಲೇ (ನಮ್ಮ ಮೂಲ ನಿಲ್ದಾಣದಲ್ಲೇ) ಸಿಬ್ಬಂದಿ ಬದಲಾವಣೆ, ಡ್ಯೂಟಿ ಮಿತಿಯ ರಗಳೆ ಇಲ್ಲ. ಏಳನೆಯ, ಎಂಟನೆಯ ಹಾರಾಟಕ್ಕೆ ಬೇಕಾಗಿದ್ದು ಇಂಧನ, ಲ್ಯಾಂಡಿಂಗ್, ಹ್ಯಾಂಡ್ಲಿಂಗ್, ಮುಂದಿನ ರಿಪೇರಿಗೆ ಎತ್ತಿಡುವ ಮೇಂಟೆನೆನ್ಸ್ ರಿಸರ್ವ್ ಹಣ. ವಿಮಾನದ ಬಾಡಿಗೆ ತಿಂಗಳಿಗೆ ಕಟ್ಟಿಯೇ ಆಗಿದೆ. ನೆನಪಿನ ಪ್ರಕಾರ ಆ ವಿಮಾನಗಳಲ್ಲಿ ಒಂದು ಸೀಟನ್ನು ಒಂದು ಕಿಲೋಮೀಟರ್ ಹಾರಿಸುವ ಖರ್ಚು ಶೇ 7-8 ಇಳಿಯಿತು. ಟಿಕೆಟ್ ದರ ಮುಟ್ಟಲೇ ಇಲ್ಲ.

ಎಂಟು ಸೆಕ್ಟರ್ ಅಂದರೆ ಬೆಳಗಿನ ತಡ ಸಂಜೆವರೆಗೂ ಉರುಳುತ್ತದೆ ಅಲ್ವಾ? ಅದಕ್ಕೆ ದಿನದಲ್ಲಿ ಒಂದು ಟರ್ನನ್ನು ಬೇಕಂತಲೇ 50 ನಿಮಿಷ ಬಿಟ್ಟಿದ್ದೇವೆ. ಎಷ್ಟನೆಯದು ಅನ್ನುವುದು ನಮ್ಮೊಳಗೇ ಇರಲಿ. ಮಧ್ಯಾಹ್ನದ್ದು ಅಂದುಕೊಂಡರೆ ತಪ್ಪು.

ನಡುವೆ ಒಂದಿಷ್ಟು ಹುಚ್ಚಾಟಗಳೂ ಆದವು. ಕುಡಿಯುವ ನೀರಿನ ಟ್ಯಾಂಕ್ 200 ಲೀಟರ್, ಚಿಕ್ಕ ಹಾರಾಟಕ್ಕೆ ಯಾಕೆ ಅಷ್ಟು ಅಂತ ಅರ್ಧ ತುಂಬಿಸಿದೆವು. ಗಂಟೆಗೆ ಮೂರು ಕಿಲೋ ಇಂಧನ ಉಳಿಯಿತು. ಇಡೀ ಫ್ಲೀಟ್‌ಗೆ ವರ್ಷದ ಲೆಕ್ಕದಲ್ಲಿ ಪರವಾಗಿಲ್ಲ, ಇಂದಿಗೂ ನಡೆಯುತ್ತಿದೆ. ಓವನ್ ತೆಗೆಸಿದ್ದು ಕೆಲಸ ಮಾಡಲಿಲ್ಲ. ಬಿಸಿ ತಿಂಡಿ ಮಾರಿ ಬರುತ್ತಿದ್ದ ದುಡ್ಡೇ ಜಾಸ್ತಿ ಇತ್ತು, ವಾಪಸ್ ಹಾಕಿಸಿದೆವು.

ದೊಡ್ಡ ಕಂಪನಿಗಳು ತಮ್ಮೊಳಗೇ ಅಗ್ಗದ ಕಂಪನಿ ಹುಟ್ಟಿಸಿದಾಗ ಯಾಕೆ ಉಳಿಯಲ್ಲ ಅಂತ ಕೇಳುವವರಿದ್ದಾರೆ. ಡೆಲ್ಟಾದ ಸಾಂಗ್ 2003ರಿಂದ 2006, ಯುನೈಟೆಡ್‌ನ ಟೆಡ್ 2004ರಿಂದ 2009. ವಿಮಾನಕ್ಕೆ ಹೊಸ ಬಣ್ಣ ಬಂತು. ಖರ್ಚಿನ ಬಹುಪಾಲು ಮಾತೃ ಕಂಪನಿಯದೇ ಆಗಿ ಉಳಿಯಿತು. ನಮ್ಮ ಕಂಪನಿಯಲ್ಲಿ ಈ ಮಾರ್ಗಗಳ ಬದಲಾವಣೆಗೆ ಒಪ್ಪಿಗೆ ಸಿಕ್ಕಿದ್ದು ಹಳೆಯ ಶೆಡ್ಯೂಲಿಗೆ ಅಂಟಿಕೊಂಡವರು ಕಡಿಮೆ ಇದ್ದರು ಅಂತಲೇ.

ಈಗ ಎ321 ಬಂದಿದೆ. 230ರ ಮೇಲೆ ಸೀಟು, ನಾಲ್ವರ ಬದಲು ಐವರು ಕ್ಯಾಬಿನ್ ಸಿಬ್ಬಂದಿ. ಇದನ್ನೂ 25ಕ್ಕೆ ತನ್ನಿ ಅಂತ ಮೇಲಿನಿಂದ ಒತ್ತಾಯ. ಅಂದು ನಕ್ಕವರದ್ದೇ. ಎರಡು ಬಾಗಿಲಿನಿಂದ ಅಷ್ಟು ಜನ ಇಳಿದು ಹತ್ತಲು 35 ಬೇಕೇ ಬೇಕು, ಶೆಡ್ಯೂಲ್‌ನಲ್ಲಿ ಅಷ್ಟೇ ಬರೆದಿದ್ದೇನೆ. ಉದ್ದದ ಸೆಕ್ಟರ್‌ಗಳಿಗೆ ಅದನ್ನು ಕಳಿಸುತ್ತಿದ್ದೇವೆ, ಅಲ್ಲಿ ಟರ್ನ್‌ಗಳೇ ಕಡಿಮೆ.