ಮಿರ್ಚಿ ಬಿಡಲಿಲ್ಲ, ಎಣ್ಣೆ ಬಾಣಲೆ ಬಿಟ್ಟೆವು

ನಮ್ಮ ಯಜಮಾನರ ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್, ಗ್ರೇಡ್ 1 ಎಂದು ಬಂತು, ಅಂದರೆ ಲಿವರ್‌ನಲ್ಲಿ ಕೊಬ್ಬು ಸೇರುವ ತೊಂದರೆಯ ಮೊದಲ ಹಂತ. ಡಾಕ್ಟರ್ ಮಾತ್ರೆ ಬರೆಯಲಿಲ್ಲ. ತೂಕ ನೂರಕ್ಕೆ 7ರಿಂದ 10ರಷ್ಟು ನಿಧಾನವಾಗಿ ಇಳಿಸಿ, ಸಕ್ಕರೆ, ಮೈದಾ, ಕರಿದದ್ದು ಕಡಿಮೆ ಮಾಡಿ ಎಂದರು. ರಾಯಚೂರಿನಲ್ಲಿದ್ದು ಮಂಡಾಳ (ಮಂಡಕ್ಕಿ) ಒಗ್ಗರಣೆ ಜೊತೆ ಮಿರ್ಚಿ, ಅಂದರೆ ಮೆಣಸಿನಕಾಯಿ ಬಜ್ಜಿ, ಬೇಡ ಅನ್ನೋದು ಕಷ್ಟ ಅಲ್ವಾ? ಅದಕ್ಕೇ ಏರ್ ಫ್ರೈಯರ್ ತಂದೆವು.

ಇದು ಕರಿಯುವ ಯಂತ್ರವಲ್ಲ. ಮೇಲಿನ ಕಾಯಿಲ್ ಕಾಯುತ್ತದೆ, ಫ್ಯಾನ್ ಆ ಬಿಸಿಗಾಳಿಯನ್ನು ಬುಟ್ಟಿಯ ಸುತ್ತ ಜೋರಾಗಿ ತಿರುಗಿಸುತ್ತದೆ. ಬಜ್ಜಿಯ ತೆಳು ಹಿಟ್ಟು ಕಾದ ಎಣ್ಣೆಯಲ್ಲಿ ತಕ್ಷಣ ಗಟ್ಟಿಯಾಗುತ್ತದೆ, ಇಲ್ಲಿ ಬುಟ್ಟಿಯ ತೂತಿನಿಂದ ಸೋರಿಹೋಗುತ್ತದೆ. ಹಾಗಾಗಿ ಹಿಟ್ಟನ್ನೇ ಬದಲಿಸಬೇಕು. ಉದ್ದನೆಯ ಮೆಣಸಿನಕಾಯಿ ಸೀಳಿ, ಬೀಜ ತೆಗೆದು, ಒಳಗೆ ಹುಣಸೆ ರಸ, ಅಜ್ವಾನ, ಜೀರಿಗೆ ಪುಡಿ, ಉಪ್ಪು ಸವರುತ್ತೇನೆ. ಕಡಲೆ ಹಿಟ್ಟನ್ನು ಘಮ್ ಅನ್ನುವವರೆಗೆ ಸುಮ್ನೆ ಒಣದಾಗಿ ಹುರಿದು, ಮೊಸರಲ್ಲಿ ಚಪಾತಿ ಹಿಟ್ಟಿಗಿಂತ ಸ್ವಲ್ಪ ಮೆತ್ತಗೆ ಕಲಸಿ, ಒದ್ದೆ ಕೈಯಲ್ಲಿ ತೆಳ್ಳಗೆ ಮೆತ್ತುತ್ತೇನೆ. ಆರೇಳು ಕಾಯಿಗೆ ಒಂದು ಟೀ ಚಮಚ ಎಣ್ಣೆ ಸಾಕು, ಬ್ರಷ್‌ನಲ್ಲಿ ಸವರಬೇಕು. 180 ಡಿಗ್ರಿ, 12 ನಿಮಿಷ, ನಡುವೆ ಒಮ್ಮೆ ಮಗುಚಬೇಕು. ಕಾಯಿಗೆ ಕಾಯಿ ತಾಗಬಾರದು, ಗಾಳಿ ಆಡಬೇಕು. ಬಂಡಿ ಮಿರ್ಚಿಯ ಹಾಗೆ ಉಬ್ಬುವುದಿಲ್ಲ. ಆದರೆ ಮೇಲೆ ಗರಿಗರಿ, ಒಳಗೆ ಹುಳಿ-ಖಾರ. ನಮ್ಮವರಿಗೆ ಈಗ ಇದೇ ಇಷ್ಟ.

ಎಣ್ಣೆಗಾಯಿಗೂ ಇದೇ ದಾರಿ. ಮಸಾಲೆ ತುಂಬಿದ ಎಳೆ ಬದನೆಕಾಯಿಗೆ ಎಣ್ಣೆ ಸವರಿ 170 ಡಿಗ್ರಿಯಲ್ಲಿ ಕಾಲು ಗಂಟೆ ಇಟ್ಟು, ಆಮೇಲೆ ರಸದಲ್ಲಿ ಕುದಿಸುತ್ತೇನೆ. ಮಸಾಲೆಯ ಶೇಂಗಾದಲ್ಲೇ ಹೆಚ್ಚುಕಡಿಮೆ ಅರ್ಧ ಎಣ್ಣೆ ಇರುತ್ತದೆ. ಶೇಂಗಾವನ್ನು ಅರ್ಧಕ್ಕಿಳಿಸಿ ಪುಟಾಣಿ (ಹುರಿಗಡಲೆ) ಪುಡಿ ಸೇರಿಸಿದರೆ ರುಚಿ ಕೆಡುವುದಿಲ್ಲ.

ಒಂದು ಮಾತು ಒತ್ತಿ ಹೇಳಬೇಕು. ಎಣ್ಣೆ ಕಡಿಮೆಯಾದರೆ ಸಾಕು ಅಂದುಕೊಂಡು ಅನ್ನ ಜಾಸ್ತಿ ಉಣ್ಣಬೇಡಿ. ಒಂದು ದೊಡ್ಡ ಚಮಚ ಎಣ್ಣೆ ಅಂದರೆ ಸುಮಾರು 120 ಕ್ಯಾಲೊರಿ, ಅಷ್ಟು ಉಳಿತಾಯ ಆಗುತ್ತದೆ, ನಿಜ. ಆದರೆ ಹೆಚ್ಚಾದ ಸಕ್ಕರೆ, ಬಿಳಿ ಅನ್ನವನ್ನೂ ಲಿವರ್ ಕೊಬ್ಬಾಗಿ ಮಾರ್ಪಡಿಸಿಕೊಳ್ಳುತ್ತದೆ. ತುಂಗಭದ್ರಾ ಕಾಲುವೆ ಬಂದ ಮೇಲೆ ನಮ್ಮ ಕಡೆ ಭತ್ತದ್ದೇ ದರಬಾರು, ಮೂರು ಹೊತ್ತೂ ಅನ್ನ ಉಣ್ಣುವ ಮನೆಗಳಿವೆ. ನಾವು ರಾತ್ರಿ ಜೋಳದ ರೊಟ್ಟಿ, ಪುಂಡಿ ಪಲ್ಯಕ್ಕೆ ವಾಪಸ್ ಬಂದೆವು. ಚಹಾದ ಸಕ್ಕರೆ ಬಿಡಿಸೋದಕ್ಕೆ ಮಾತ್ರ ಮಿರ್ಚಿಗಿಂತ ಜಾಸ್ತಿ ಜಗಳ ಆಯಿತು.

ಪ್ಯಾಕೆಟ್‌ನ ಫ್ರೆಂಚ್ ಫ್ರೈಸ್ ನಮ್ಮ ಮನೆಗೆ ಬರುವುದಿಲ್ಲ. ಅವನ್ನು ಸಾಮಾನ್ಯವಾಗಿ ಫ್ಯಾಕ್ಟರಿಯಲ್ಲೇ ಒಮ್ಮೆ ಎಣ್ಣೆಯಲ್ಲಿ ಕರಿದಿರುತ್ತಾರೆ. ಮಕ್ಕಳು ಕೇಳಿದರೆ ಗೆಣಸನ್ನು ಬೆರಳುದ್ದ ಹೆಚ್ಚಿ, ನೀರಲ್ಲಿ ಅರ್ಧ ಗಂಟೆ ನೆನೆಸಿ, ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಉಪ್ಪು-ಖಾರ ಹಚ್ಚಿ ಇಡುತ್ತೇನೆ. ಬಣ್ಣ ಹೊಂಬಣ್ಣಕ್ಕೆ ತಿರುಗಿದ ಕೂಡಲೇ ತೆಗೆಯಬೇಕು, ಕಪ್ಪಾಗುವ ತನಕ ಬಿಡಬಾರದು.