ವ್ಯಾನ್ ಪ್ರಯಾಣ: ದತ್ತು ನಾಯಿಗೆ ಮೊದಲ ಪಾಠ ಬಾಗಿಲಿನದು

ರಕ್ಷಿಸಿ ತಂದ ನಾಯಿಯನ್ನು ವ್ಯಾನಿನಲ್ಲಿ ಕರೆದೊಯ್ಯುವವರು ಹೆಚ್ಚಾಗಿ ವಾಂತಿಗೆ ಹೆದರುತ್ತಾರೆ. ವಾಂತಿಯಾದರೆ ಒರೆಸಿದರಾಯಿತು. ನಿಜಕ್ಕೂ ಹೆದರಬೇಕಾದ್ದು ಬಾಗಿಲಿಗೆ. ಹೊಸ ನಾಯಿಗೆ ನಿಮ್ಮ ವ್ಯಾನ್ ಇನ್ನೂ ಮನೆಯಾಗಿರುವುದಿಲ್ಲ. ಕಾಣದ ಊರಲ್ಲಿ ಯಾವುದೋ ಸದ್ದಿಗೆ ಬೆಚ್ಚಿ ಹಾರಿತೆಂದರೆ ಎತ್ತ ಹಿಂತಿರುಗಬೇಕೆಂದು ಅದಕ್ಕೆ ಗೊತ್ತಾಗುವುದಿಲ್ಲ.

ಆದ್ದರಿಂದ ಮನೆಗೆ ತಂದ ಮೊದಲ ಮೂರು ವಾರ ದೂರದ ಪ್ರಯಾಣ ಬೇಡ. ಆ ದಿನಗಳಲ್ಲಿ ವ್ಯಾನನ್ನು ಊಟದ ಜಾಗ ಮಾಡಿ. ಮೊದಲು ಎಂಜಿನ್ ಆಫ್, ಬಾಗಿಲು ತೆರೆದೇ ಇರಲಿ, ತಟ್ಟೆ ಒಳಗಿರಲಿ, ಲೀಶ್ (ನಾಯಿಯನ್ನು ಹಿಡಿಯುವ ಹಗ್ಗ) ನಿಮ್ಮ ಕೈಯಲ್ಲಿರಲಿ. ಅದು ರೂಢಿಯಾದ ಮೇಲೆ ಬಾಗಿಲು ಮುಚ್ಚಿ ಐದು ನಿಮಿಷ. ಆಮೇಲೆ ನಿಂತಲ್ಲೇ ಎಂಜಿನ್ ಆನ್. ಕೊನೆಗೆ ಐದು ನಿಮಿಷದ ಒಂದು ಸುತ್ತು. ಯಾವ ಹಂತದಲ್ಲಾದರೂ ಊಟ ಬಿಟ್ಟರೆ ಒಂದು ಹಂತ ಹಿಂದಕ್ಕೆ ಹೋಗಿ. ಎತ್ತಿ ಒಳಗೆ ತುರುಕಿದರೆ ಅಷ್ಟು ದಿನದ ಕೆಲಸ ನೀರಲ್ಲಿ ಹೋಮ.

ಮತ್ತೆ ಮತ್ತೆ ಆಕಳಿಕೆ, ತುಟಿ ನೆಕ್ಕುವುದು, ದಾರದಂತೆ ಇಳಿಯುವ ಜೊಲ್ಲು: ಇವು ಹೊಟ್ಟೆ ತೊಳಸಿದಾಗಲೂ ಬರುತ್ತವೆ, ಹೆದರಿದಾಗಲೂ ಬರುತ್ತವೆ. ವ್ಯಾನ್ ನಿಂತಿರುವಾಗಲೇ ಜೊಲ್ಲು ಸುರಿದರೆ ಬಹುತೇಕ ಹೆದರಿಕೆಯೇ; ಅದಕ್ಕೆ ಮೇಲಿನ ಅಭ್ಯಾಸವೇ ಔಷಧ. ಹೊರಟು ತಿರುವುಗಳು ಬಂದ ಮೇಲೆ ಶುರುವಾದರೆ ಪ್ರಯಾಣದ ವಾಕರಿಕೆ. ಆಗ ಪಶುವೈದ್ಯರನ್ನು ವಾಂತಿ ತಡೆಯುವ ಔಷಧ ಮಾರೋಪಿಟಂಟ್ ಬಗ್ಗೆ ಕೇಳಿ. ಮನುಷ್ಯರ ಮಾತ್ರೆಯನ್ನು ಅಂದಾಜಿನ ಮೇಲೆ ಕೊಡಬೇಡಿ. ಊಟ ಹೊರಡುವ ಮೂರ್ನಾಲ್ಕು ಗಂಟೆ ಮೊದಲೇ ಮುಗಿದಿರಲಿ. ನೀರು ಮಾತ್ರ ನಿಲ್ಲಿಸಬಾರದು: ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 50–60 ಮಿಲಿ, ಬಿಸಿಲಿದ್ದರೆ ಇನ್ನೂ ಹೆಚ್ಚು.

ಸೀಟಿಗೆ ಕಟ್ಟುವುದು ಹಾರ್ನೆಸ್‌ನ (ಎದೆ, ಬೆನ್ನು ಸುತ್ತಿ ತೊಡಿಸುವ ಪಟ್ಟಿಯ) ಬೆನ್ನಿನ ರಿಂಗಿನಿಂದ, ಕಾಲರಿನಿಂದ ಎಂದೂ ಅಲ್ಲ. ಬ್ರೇಕ್ ಹಾಕಿದಾಗ ಭಾರವೆಲ್ಲ ಗಂಟಲಿಗೆ ಬೀಳುತ್ತದೆ. ಕೂತು ಮಲಗಲು ಸಾಕಾಗುವಷ್ಟೇ ಪಟ್ಟಿ ಬಿಡಿ. ಹಾರ್ನೆಸ್ ಮತ್ತು ಮೈ ನಡುವೆ ಎರಡು ಬೆರಳು ಹೋಗಬೇಕು. ಬಡಕಲು ನಾಯಿ ಹೆದರಿದಾಗ ಏನು ಮಾಡುತ್ತದೆಂದು ಒಮ್ಮೆ ನೋಡಿ: ತಲೆ ತಗ್ಗಿಸುತ್ತದೆ, ಮುಂಗಾಲು ಒತ್ತಿ ಹಿಂದಕ್ಕೆ ಜಗ್ಗುತ್ತದೆ, ಪಟ್ಟಿಯೆಲ್ಲ ಕಿವಿ ದಾಟಿ ಮುಂದಕ್ಕೆ ಜಾರುತ್ತದೆ. ಎರಡು ಸೆಕೆಂಡಿನ ಕೆಲಸ. ಪಕ್ಕೆಲುಬಿನ ಹಿಂದೆ, ಸೊಂಟದ ಬಳಿ ಇನ್ನೊಂದು ಪಟ್ಟಿ ಇರುವ ಹಾರ್ನೆಸ್ ಕೊಳ್ಳುವುದು ಇದಕ್ಕೇ. ಕ್ರೇಟ್ (ನಾಯಿಯ ಪಂಜರ) ಬಳಸುವವರು ಅದನ್ನು ವ್ಯಾನಿನ ನೆಲದ ಕೊಂಡಿಗಳಿಗೆ ಬಿಗಿಯಬೇಕು. ಬಿಗಿಯದಿದ್ದರೆ ಡಿಕ್ಕಿಯಾದಾಗ ಅದೇ ಹಾರಿಬಂದು ಬಡಿಯುತ್ತದೆ. ಒಳಗೆ ಜಾರದ ರಬ್ಬರ್ ಮ್ಯಾಟ್ ಹಾಸಿ.

ಇಳಿಯುವ ಕ್ರಮವನ್ನು ಜೊತೆಗಿರುವವರೆಲ್ಲ ಬಾಯಿಪಾಠ ಮಾಡಿಕೊಳ್ಳಲಿ. ಎಂಜಿನ್ ಆಫ್. ಒಳಗಿರುವಾಗಲೇ ಹಾರ್ನೆಸ್‌ಗೆ ಲೀಶ್ ಕ್ಲಿಪ್ ಮಾಡಿ, ಇನ್ನೊಂದು ತುದಿಯನ್ನು ಕೈಗೆ ಸುತ್ತಿಕೊಳ್ಳದೆ, ಅದರ ಕುಣಿಕೆಯನ್ನು ಮಣಿಕಟ್ಟಿಗೆ ಹಾಕಿ ಹಿಡಿಯಿರಿ. ನಂತರ ಸೀಟಿನ ಪಟ್ಟಿ ಬಿಚ್ಚಿ. ಬಾಗಿಲು ಕೊನೆಗೆ. ಹತ್ತುವಾಗ ಇದೇ ತಿರುಗುಮುರುಗು. ಎಡವಟ್ಟಾಗುವುದು ಸಾಮಾನ್ಯವಾಗಿ ಸೈಡ್ ಬಾಗಿಲನ್ನು ಒಂದೇ ಸಲ ಅಗಲಕ್ಕೆ ಎಳೆಯುವ ಅತಿಥಿಗಳಿಂದ.

ನಿಲ್ಲಿಸಿದ ವ್ಯಾನಿನಲ್ಲಿ ಒಂಟಿಯಾಗಿ ಬಿಡುವ ಮಾತೇ ಬೇಡ. ಹೊರಗೆ ಹಿತವಾದ 21 ಡಿಗ್ರಿ ಇದ್ದರೂ ಬಿಸಿಲಲ್ಲಿ ನಿಂತ ವಾಹನದೊಳಗೆ ಹತ್ತು ನಿಮಿಷದಲ್ಲಿ 32, ಅರ್ಧ ಗಂಟೆಯಲ್ಲಿ 40 ಮುಟ್ಟುತ್ತದೆ. ಕಿಟಕಿ ಸ್ವಲ್ಪ ಇಳಿಸಿದರೆ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಆಗದು.

ಹೊರಡುವ ಮುನ್ನ ಮೈಕ್ರೋಚಿಪ್‌ನ (ನಾಯಿಯ ಚರ್ಮದಡಿ ಇಡುವ ಗುರುತಿನ ಚಿಪ್) ನೋಂದಣಿ ನಿಮ್ಮ ಹೆಸರಿಗಾಗಿದೆಯೇ ನೋಡಿ. ಎಷ್ಟೋ ಸಲ ಅದು ಆಶ್ರಯಧಾಮದ ಹೆಸರಲ್ಲೇ ಉಳಿದಿರುತ್ತದೆ. ಕಾಲರಿನ ಬಿಲ್ಲೆಯಲ್ಲಿ ಚಾಲೂ ಇರುವ ಫೋನ್ ನಂಬರ್ ಬೇಕು.

ಇಷ್ಟಾಗಿಯೂ ತಪ್ಪಿಸಿಕೊಂಡರೆ ಬೆನ್ನಟ್ಟಬೇಡಿ, ಕೂಗಾಡಬೇಡಿ. ಬೆನ್ನಟ್ಟಿದಷ್ಟೂ ದೂರ ಓಡುತ್ತದೆ. ಕಣ್ಣಿಗೆ ಕಾಣುತ್ತಿದ್ದರೆ ಪಕ್ಕಕ್ಕೆ ತಿರುಗಿ ನೆಲದ ಮೇಲೆ ಕೂತು ತಿಂಡಿ ಚೆಲ್ಲಿ. ಕಾಣದಿದ್ದರೆ ವ್ಯಾನನ್ನು ಅಲ್ಲಿಂದ ಕದಲಿಸಬಾರದು. ಬಾಗಿಲು ತೆರೆದು, ಅದರ ಒಗೆಯದ ಹಾಸಿಗೆಯನ್ನು ಹೊಸ್ತಿಲಲ್ಲಿ ಹಾಸಿ, ಒಬ್ಬರು ರಾತ್ರಿಯೆಲ್ಲ ಸದ್ದಿಲ್ಲದೆ ಅಲ್ಲೇ ಇರಿ.